ಗಿಟಾರ್ ಹಿಡಿದ ಕೌಬಾಯ್‌ಗಳು

1938ರಲ್ಲಿ ಬಂದ 'ಅಂಡರ್ ವೆಸ್ಟರ್ನ್ ಸ್ಟಾರ್ಸ್' ಸಿನಿಮಾದಲ್ಲಿ ಒಂದು ದೃಶ್ಯ ಇದೆ. ನೀರಿಲ್ಲದೆ ಒದ್ದಾಡುತ್ತಿರುವ ಊರಿನ ಜನ ಒಬ್ಬ ಹಾಡುಗಾರ ಕೌಬಾಯ್‌ನನ್ನು ಅಮೆರಿಕದ ಸಂಸತ್ತಿಗೆ ಗೆಲ್ಲಿಸಿ ಕಳಿಸಿರುತ್ತಾರೆ. ವಾಷಿಂಗ್ಟನ್‌ನಲ್ಲಿ ಇವನ ಮಾತು ಯಾರೂ ಕೇಳುವುದಿಲ್ಲ. ಕೊನೆಗೆ ಆತ ದೊಡ್ಡ ಮನುಷ್ಯರನ್ನೆಲ್ಲ ಕರೆಸಿ, ಕೂರಿಸಿ, ಒಂದು ಫಿಲ್ಮ್ ತೋರಿಸುತ್ತಾನೆ. ಪರದೆ ತುಂಬ ಧೂಳು. ಹೊಲ ಇದ್ದ ಕಡೆ ಬರೀ ಬಿಕೋ ಅನ್ನುವ ಬಯಲು. ಇಂಥ ಜಾಗದಲ್ಲಿ ಯಾವ ಹೀರೋ ಆದರೂ ಜೋರಾಗಿ ಒಂದು ಭಾಷಣ ಬಿಗಿಯುತ್ತಾನೆ, ಅಲ್ವಾ? ಇವನು ಹಾಡುತ್ತಾನೆ. ಆ ಧೂಳಿನ ಚಿತ್ರಗಳ ಜೊತೆಜೊತೆಗೇ, ದನಿ ಏರಿಸದೆ.

ಹಾಡಿನ ಹೆಸರು 'ಡಸ್ಟ್'. ಹಾಡುವವನು ರಾಯ್ ರೋಜರ್ಸ್, ಅವನು ಹೀರೋ ಆದ ಮೊದಲ ಸಿನಿಮಾ ಇದು. ಒಂದು ಅಗ್ಗದ ಕುದುರೆ ಸಿನಿಮಾದ ಹಾಡು ಆ ವರ್ಷದ ಆಸ್ಕರ್‌ಗೆ ನಾಮಿನೇಟ್ ಆಯಿತು. ಆಗ ಒಕ್ಲಹೋಮ, ಕಾನ್ಸಸ್, ಟೆಕ್ಸಸ್ ಕಡೆಯ ಬಯಲುಗಳಲ್ಲಿ ವರ್ಷಗಟ್ಟಲೆ ಮಳೆ ಹೋಗಿತ್ತು. ಹುಲ್ಲು ಕಿತ್ತು ಉತ್ತಿದ್ದ ನೆಲದ ಮೇಲ್ಮಣ್ಣೇ ಗಾಳಿಗೆ ಎದ್ದು ಹೋಗುತ್ತಿತ್ತು. 1935ರ ಏಪ್ರಿಲ್ 14ರಂದು ಎದ್ದ ಬಿರುಗಾಳಿಗೆ ಹಾಡಹಗಲೇ ಕತ್ತಲು ಕವಿಯಿತು. ಜನ ಆ ದಿನವನ್ನು ಬ್ಲ್ಯಾಕ್ ಸಂಡೇ ಅಂತ ಕರೆದರು. ಇಂಥ ಹಾಡುವ ಕೌಬಾಯ್ ಸಿನಿಮಾಗಳು ಜಾಸ್ತಿ ಓಡಿದ್ದು ಅಂಥ ಸೀಮೆಯ ಸಣ್ಣ ಊರುಗಳ ಟಾಕೀಸುಗಳಲ್ಲೇ. ಅಲ್ಲಿ ಕೂತು ನೋಡುತ್ತಿದ್ದವರಿಗೆ ಆ ಧೂಳು ಎಂಥದ್ದು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ.

ನಾನು ಈ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡುತ್ತೇನೆ. ರಾತ್ರಿ ಕೆಲಸ ಎಲ್ಲ ಮುಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಒಂದು ಗಂಟೆಯಲ್ಲಿ ಒಂದು ಸಿನಿಮಾ ಮುಗಿಯುತ್ತದೆ. 'ಎಲ್ಲಾ ಒಂದೇ ಥರ ಇರುತ್ತಲ್ವಾ' ಅಂತ ಸ್ನೇಹಿತರು ಕೇಳುತ್ತಾರೆ. ಕಥೆಯ ಗೆರೆ ಒಂದೇ, ನಿಜ. ಊರಿಗೆ ಒಬ್ಬ ಮೋಸಗಾರ, ಅವನ ಜೊತೆ ನಾಲ್ಕು ಪುಂಡರು, ಸಾಲದಲ್ಲಿ ಮುಳುಗಿದ ಒಂದು ರಾಂಚ್ (ದನ, ಕುದುರೆ ಸಾಕುವ ದೊಡ್ಡ ಜಮೀನು), ಅದನ್ನು ನೋಡಿಕೊಳ್ಳುವ ಗಟ್ಟಿ ಮನಸ್ಸಿನ ಹುಡುಗಿ, ಒಳ್ಳೆಯ ಕುದುರೆ, ನಗಿಸುವ ಜೊತೆಗಾರ. ಆದರೆ ಆ ಮೋಸ ಏನು ಅಂತ ಸ್ವಲ್ಪ ಗಮನ ಕೊಟ್ಟು ನೋಡಿ. ನೀರಿನ ಮೇಲೆ ಹಕ್ಕು ಹಾಕುವ ಕಂಪನಿ, ಅಣೆಕಟ್ಟಿನ ದುಡ್ಡು ನುಂಗುವ ರಾಜಕಾರಣಿ, ಸಾಲ ಕೊಟ್ಟು ಜಮೀನು ಕಿತ್ತುಕೊಳ್ಳುವವನು. ಊರು, ಬಟ್ಟೆ, ಕುದುರೆ ಎಲ್ಲ ಕಥೆಪುಸ್ತಕದ್ದು. ಕಷ್ಟ ಮಾತ್ರ ಆ ವರ್ಷದ್ದೇ. ನನಗೆ ಹಿಡಿಸಿದ್ದು ಇದು. ಆ ಕಷ್ಟದ ನಡುವೆ ನಿಂತು ಒಬ್ಬ ಮನುಷ್ಯ ಯಾವ ಗಡಿಬಿಡಿಯೂ ಇಲ್ಲದೆ ಹಾಡುತ್ತಾನೆ. ಆ ಹಾಡಿನಿಂದಲೇ ಜನ ಅವನನ್ನು ನಂಬುತ್ತಾರೆ.

ಈ ಥರದ ಹೀರೋನನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಜೀನ್ ಆಟ್ರಿ. ಅವನಿಗಿಂತ ಮುಂಚೆ ಕೆನ್ ಮೇನಾರ್ಡ್ ತೆರೆ ಮೇಲೆ ಹಾಡಿದ್ದ. 1933ರಲ್ಲಿ ಜಾನ್ ವೇಯ್ನ್‌ನನ್ನೂ ಹಾಡುವ ಕೌಬಾಯ್ ಮಾಡಿದ್ದರು, ದನಿ ಬೇರೆಯವರದ್ದು. ಅದು ಹೊಂದಿಕೊಳ್ಳಲಿಲ್ಲ. ಆಟ್ರಿ ಬಂದಿದ್ದೇ ರೇಡಿಯೋದಿಂದ. ಟೆಕ್ಸಸ್‌ನ ಟಯೋಗಾದಲ್ಲಿ ಹುಟ್ಟಿ, ಒಕ್ಲಹೋಮದ ರೈಲ್ವೆಯಲ್ಲಿ ಟೆಲಿಗ್ರಾಫ್ ಕೆಲಸ ಮಾಡಿದವನು. ಅವನ ಮೊದಲ ದೊಡ್ಡ ಹಾಡು, ಮುದಿ ಅಪ್ಪನನ್ನು ನೆನೆದು ಮಗ ಕೊರಗುವ ಹಾಡು. ಅದನ್ನು ಜೊತೆಗೆ ಬರೆದವನು ಅದೇ ರೈಲ್ವೆಯಲ್ಲಿದ್ದ ಜಿಮ್ಮಿ ಲಾಂಗ್. ಆಮೇಲೆ ಶಿಕಾಗೋದ ಡಬ್ಲ್ಯುಎಲ್ಎಸ್ ರೇಡಿಯೋ ಸ್ಟೇಷನ್ನಿನಲ್ಲಿ ಹಾಡಿ ಹಳ್ಳಿ ಮನೆಗಳಲ್ಲೆಲ್ಲ ಅವನ ದನಿ ಗೊತ್ತಾಯಿತು. ಸಿನಿಮಾಕ್ಕೆ ಬರುವ ಮುಂಚೆಯೇ ಆ ದನಿಯನ್ನು ಜನ ಮನೆಯೊಳಗೆ ಕೂರಿಸಿಕೊಂಡಾಗಿತ್ತು.

ಅವನು ನಟನಲ್ಲ ಅಂತ ಆಗಿನವರೂ ಹೇಳಿದರು, ಈಗಿನವರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಾತಾಡುವಾಗ ಸ್ವಲ್ಪ ಬಿಗಿಯಾಗಿರುತ್ತಾನೆ, ಅದು ಸರಿ. ಗಿಟಾರ್ ಕೈಗೆ ಬಂದ ತಕ್ಷಣ ನೋಡಿ, ಭುಜ ಇಳಿಯುತ್ತದೆ. ಎದುರಿಗಿರುವವರ ಮುಖ ನೋಡಿಕೊಂಡು ಹಾಡುತ್ತಾನೆ, ಕ್ಯಾಮೆರಾಕ್ಕಲ್ಲ. ನಾನೂ ಒಂದಿಷ್ಟು ಗಿಟಾರ್ ನುಡಿಸುತ್ತೇನೆ. ಹಾಗಾಗಿ ಕಣ್ಣು ಅವನ ಎಡಗೈ ಮೇಲೇ ಹೋಗುತ್ತದೆ. ಎರಡು ಮೂರು ಸುಲಭದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಅಷ್ಟೇ. ಕಲಿಯುವವರು ಮೊದಲ ವಾರ ಕಲಿಯುವಂಥವು. ಅದರಲ್ಲೇ ಅವನಿಗೆ ಬೇಕಾದ್ದೆಲ್ಲ ಸಿಗುತ್ತದೆ. ಅವನ ಗಿಟಾರ್ ಮಾತ್ರ ಸಾಮಾನ್ಯದ್ದಲ್ಲ. 1933ರಲ್ಲಿ ಮಾರ್ಟಿನ್ ಕಂಪನಿ ಅವನಿಗೆಂದೇ ಮಾಡಿಕೊಟ್ಟ ಡಿ-45, ಆ ಮಾದರಿಯಲ್ಲಿ ಮೊದಲನೆಯದು. ಬೆರಳಾಡುವ ಪಟ್ಟಿಯ ಉದ್ದಕ್ಕೂ ಅವನ ಹೆಸರನ್ನು ಮುತ್ತಿನ ಚಿಪ್ಪಿನಲ್ಲಿ ಕೂರಿಸಿದ್ದಾರೆ. ಅದೇ ಕಾಲಕ್ಕೆ ಸಿಯರ್ಸ್ ಅನ್ನುವ ಅಂಗಡಿಯವರ ಕ್ಯಾಟಲಾಗಿನಲ್ಲಿ ಅವನ ಹೆಸರಿನ ಅಗ್ಗದ ಗಿಟಾರ್ ಅಂಚೆಯಲ್ಲಿ ತರಿಸಬಹುದಿತ್ತು. ಟಾಕೀಸಿನಲ್ಲಿ ಅವನ ಕೈ ನೋಡಿ, ಮನೆಗೆ ಬಂದು ಅದೇ ಕಾರ್ಡ್ ಹುಡುಕಿದ ಮಕ್ಕಳು ಎಷ್ಟು ಜನ ಇದ್ದಿರಬೇಕು!

1935ರಲ್ಲಿ ಮ್ಯಾಸ್ಕಟ್ ಅನ್ನುವ ಸಣ್ಣ ಕಂಪನಿ ಆಟ್ರಿಯನ್ನು ಹಾಕಿಕೊಂಡು 'ದಿ ಫ್ಯಾಂಟಮ್ ಎಂಪೈರ್' ಅಂತ ಟಾಕೀಸಿನಲ್ಲಿ ತೋರಿಸುವ 12 ಕಂತಿನ ಸೀರಿಯಲ್ ತೆಗೆಯಿತು. ಇದರ ಕಥೆ ಹೇಳಲೇಬೇಕು. ಆಟ್ರಿಯ ರೇಡಿಯೋ ರಾಂಚ್ ಕೆಳಗೆ, ಸಾವಿರಾರು ಅಡಿ ಆಳದಲ್ಲಿ, ಮುರೇನಿಯಾ ಅನ್ನುವ ರಾಜ್ಯ ಇದೆ. ಟೀಕಾ ಅನ್ನುವ ರಾಣಿ, ಯಂತ್ರಮಾನವರು, ಕಿರಣ ಬಿಡುವ ಆಯುಧಗಳು ಎಲ್ಲ ಇವೆ. ಮೇಲುಗಡೆ ರೇಡಿಯಂ ಆಸೆಗೆ ಬಂದ ಕಳ್ಳರು. ಇದರ ಮಧ್ಯೆ ಆಟ್ರಿಗೆ ಒಂದು ಕಟ್ಟು ಇದೆ. ದಿನಾ ಮಧ್ಯಾಹ್ನ 2 ಗಂಟೆಗೆ ರಾಂಚಿನಿಂದ ರೇಡಿಯೋದಲ್ಲಿ ಹಾಡಬೇಕು. ತಪ್ಪಿದರೆ ಕಾಂಟ್ರಾಕ್ಟ್ ಹೋಗುತ್ತದೆ, ಅದರ ಜೊತೆಗೆ ರಾಂಚೂ ಹೋಗುತ್ತದೆ. ಆದ್ದರಿಂದ ಪಾತಾಳದಲ್ಲಿ ಸೆರೆ ಸಿಕ್ಕವನು ಹೇಗಾದರೂ ತಪ್ಪಿಸಿಕೊಂಡು ಬಂದು ಮೈಕಿನ ಮುಂದೆ ನಿಲ್ಲಬೇಕು.

ಮೊದಲ ಸಲ ನೋಡಿದಾಗ ಬೆರಗಾಗಿ ಕೂತಿದ್ದೆ. ಭೂಗತ ಸಾಮ್ರಾಜ್ಯ ಉಳಿಯುತ್ತೋ ಮುಳುಗುತ್ತೋ ಅನ್ನುವಷ್ಟೇ ಗಂಭೀರವಾಗಿ ಎರಡು ಗಂಟೆಗೆ ಹಾಡಬೇಕಾದ ಹಾಡಿನ ಬಗ್ಗೆ ಯೋಚಿಸುತ್ತಾರೆ. ನನಗೆ ಅದು ತುಂಬಾ ಸರಿ ಅನ್ನಿಸಿತು. ಕೆಲಸ ಉಳಿಸಿಕೊಳ್ಳುವುದೇ ಸಾಹಸ ಆಗಿದ್ದ ಕಾಲ ಅದು. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವ ಹೀರೋ, ಆ ಕೆಲಸ ಹಾಡುವುದು. ನೋಡುತ್ತಿದ್ದವರಿಗೆ ಅದು ಖಂಡಿತ ತಟ್ಟಿರುತ್ತದೆ.

ಅದೇ ವರ್ಷ ಹರ್ಬರ್ಟ್ ಯೇಟ್ಸ್ ಅನ್ನುವ ಉದ್ಯಮಿ ಮ್ಯಾಸ್ಕಟ್, ಮೊನೊಗ್ರಾಮ್ ಮುಂತಾದ ಸಣ್ಣ ಕಂಪನಿಗಳನ್ನು ಸೇರಿಸಿ ರಿಪಬ್ಲಿಕ್ ಪಿಕ್ಚರ್ಸ್ ಮಾಡಿದ. ಆಟ್ರಿಯ 'ಟಂಬ್ಲಿಂಗ್ ಟಂಬಲ್‌ವೀಡ್ಸ್' ಬಂತು. ಆಮೇಲೆ ಹಾಡುವ ಕೌಬಾಯ್‌ಗಳ ಸಾಲೇ ಶುರುವಾಯಿತು. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಹೋಗಿದ್ದ ಟೆಕ್ಸ್ ರಿಟರ್ ಬಂದ. ಗ್ರ್ಯಾಂಡ್ ನ್ಯಾಷನಲ್ ಕಂಪನಿಯವರು ಡೊರೊಥಿ ಪೇಜ್ ಅನ್ನುವ ಹಾಡುಗಾರ್ತಿಯನ್ನೇ ಮುಖ್ಯ ಪಾತ್ರದಲ್ಲಿಟ್ಟು ಮೂರು ಸಿನಿಮಾ ತೆಗೆದರು. ಆಕೆಗೆ ಇನ್ನೂ ಹತ್ತು ಸಿನಿಮಾ ಸಿಗಬೇಕಿತ್ತು ಅಂತ ನನ್ನ ಅಭಿಪ್ರಾಯ.

ದುಡ್ಡು ಎಷ್ಟು ಕಡಿಮೆ ಇತ್ತು ಅಂದರೆ, ರಿಪಬ್ಲಿಕ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಯ ಸಿನಿಮಾಕ್ಕೆ ಸುಮಾರು ಒಂದು ವಾರದಲ್ಲಿ ಶೂಟಿಂಗ್ ಮುಗಿಯಬೇಕಿತ್ತು. ಹಳೆಯ ಸಿನಿಮಾದ ದನದ ಓಟ, ಬೆಂಕಿ, ಬಂಡಿ ಉರುಳುವುದು, ಎಲ್ಲವನ್ನೂ ಕತ್ತರಿಸಿ ಹೊಸದಕ್ಕೆ ಅಂಟಿಸುತ್ತಿದ್ದರು. ರಾತ್ರಿಯ ದೃಶ್ಯವನ್ನು ಉರಿ ಬಿಸಿಲಲ್ಲೇ ತೆಗೆದು ಕತ್ತಲು ಮಾಡುತ್ತಿದ್ದರು. ಹಾಗಾಗಿ ಬೆಳದಿಂಗಳಲ್ಲಿ ಕುದುರೆಗೆ ಕಪ್ಪಗೆ, ಚೂಪಗೆ ನೆರಳು ಬೀಳುತ್ತದೆ. ಲಾಸ್ ಏಂಜಲೀಸ್ ಹತ್ತಿರದ ಚಾಟ್ಸ್‌ವರ್ತ್‌ನಲ್ಲಿ ಐವರ್ಸನ್ ರಾಂಚ್ ಅಂತ ಇತ್ತು. ದೊಡ್ಡ ದೊಡ್ಡ ಬಂಡೆಗಳ ಜಾಗ. ಒಂದಿಷ್ಟು ಸಿನಿಮಾ ನೋಡಿದರೆ ಸಾಕು, ಬಂಡೆಗಳ ಗುರುತು ಸಿಗುತ್ತದೆ. 'ಓ, ಇದೇ ಬಂಡೆ ಹಿಂದೆ ಅಲ್ವಾ ಹೋದ ವಾರ ಅವರು ಅಡಗಿದ್ದು' ಅಂತ ಗೊತ್ತಾದಾಗ ಆಗುವ ಖುಷಿ ಬೇರೆ. ದುಡ್ಡು ಸ್ವಲ್ಪ ಜಾಸ್ತಿ ಇದ್ದರೆ ಉತ್ತರಕ್ಕೆ ಲೋನ್ ಪೈನ್‌ವರೆಗೆ ಹೋಗುತ್ತಿದ್ದರು. ಅಲ್ಲಿ ಅಲಬಾಮಾ ಹಿಲ್ಸ್‌ನ ಉರುಟು ಬಂಡೆ, ಹಿಂದೆ ಸಿಯೆರಾ ನೆವಾಡದ ಹಿಮದ ಸಾಲು. ಕುದುರೆ ಓಡುವಾಗ ಆ ಬೆಟ್ಟ ಕದಲದೆ ಹಾಗೇ ನಿಂತಿರುತ್ತದೆ. ಎಷ್ಟು ಖರ್ಚು ಮಾಡಿದರೂ ಅಂಥ ಸೆಟ್ ಕಟ್ಟಲು ಆಗಲ್ಲ.

ನನ್ನ ಮಗಳು ಒಮ್ಮೊಮ್ಮೆ ಪಕ್ಕದಲ್ಲಿ ಬಂದು ಕೂರುತ್ತಾಳೆ. 'ಅಮ್ಮಾ, ಇಷ್ಟು ಹೊಡೆದಾಡಿದರೂ ಇವರ ಶರ್ಟ್ ಯಾಕೆ ಕೊಳೆ ಆಗಲ್ಲ?' ಅಂದಳು. ಒಳ್ಳೆಯ ಪ್ರಶ್ನೆ. ಅವು ದನ ಕಾಯುವವರ ಬಟ್ಟೆಯಲ್ಲ, ಹಾಡುಗಾರರ ಬಟ್ಟೆ. ರೋಡಿಯೋ ಬೆನ್, ನೇಥನ್ ಟರ್ಕ್, ಆಮೇಲೆ ನ್ಯೂಡಿ ಕೋನ್, ಇಂಥ ದರ್ಜಿಗಳು ಕಸೂತಿ ಹಾಕಿ ಹೊಲಿದು ಕೊಡುತ್ತಿದ್ದರು. ಸಾಲು ಗುಂಡಿ, ಜೇಬಿನ ಅಂಚಿಗೆ ಬಿಳಿ ಪಟ್ಟಿ, ಭುಜದ ಮೇಲೆ ಹೂಬಳ್ಳಿ. ಹಾಡು ಶುರುವಾಗುವ ಮುಂಚೆಯೇ ಆ ಬಟ್ಟೆ ನಮ್ಮನ್ನು ಹಾಡಿಗೆ ತಯಾರು ಮಾಡುತ್ತದೆ.

ಇನ್ನು ಕ್ಯಾಂಪಿನ ಬೆಂಕಿ ಸುತ್ತ ಕೂತು ಹಾಡುವ ದೃಶ್ಯ. ಇದಿಲ್ಲದ ಸಿನಿಮಾ ಕಮ್ಮಿ. ಒಬ್ಬನ ಕೈಯಲ್ಲಿ ಗಿಟಾರ್, ಇನ್ನೊಬ್ಬನ ಹತ್ತಿರ ಪಿಟೀಲು. ಕೇಳುವುದು ಮಾತ್ರ ಅಕಾರ್ಡಿಯನ್, ಬಾಸ್, ಇಡೀ ವಾದ್ಯಗೋಷ್ಠಿ. ಇಂಗ್ಲಿಷ್ ವಿಮರ್ಶಕರು ಕೆಲವರು ಇದನ್ನು ಆಡಿಕೊಳ್ಳುತ್ತಾರೆ. ಹಾಡಿನ ಸಿನಿಮಾ ನೋಡಿಯೇ ಬೆಳೆದ ನಮಗೆ ಇದರಲ್ಲಿ ಕೇಳುವುದೇನೂ ಇಲ್ಲ. 'ಸಂಪತ್ತಿಗೆ ಸವಾಲ್'ನಲ್ಲಿ ಅಣ್ಣಾವ್ರು ಎಮ್ಮೆ ಮೇಲೆ ಕೂತು ಹಾಡಿದಾಗ ತಬಲಾ ಎಲ್ಲಿತ್ತು ಅಂತ ಯಾರಾದರೂ ಹುಡುಕಿದ್ದಾರಾ? ಬೀದಿಯಲ್ಲಿ ಆ ಮನುಷ್ಯ ನಿರಾಳವಾಗಿ ಬರುತ್ತಿದ್ದಾನೆ, ಅವನಿಗೆ ಯಾರ ಹೆದರಿಕೆಯೂ ಇಲ್ಲ. ಅದನ್ನು ಹೇಳಲು ಹಾಡೇ ಬೇಕು. ಆಟ್ರಿ, ರೋಜರ್ಸ್ ಕುದುರೆ ಮೇಲೆ ಬರುವಾಗಲೂ ನನಗೆ ಅದೇ ಕಾಣುತ್ತದೆ.

ಬೆಂಕಿ ಸುತ್ತಲಿನ ಹಾಡು ಬರೀ ಸಿನಿಮಾದವರ ಕಲ್ಪನೆಯೂ ಅಲ್ಲ. ದನದ ಹಿಂಡನ್ನು ದೂರದ ರೈಲು ನಿಲ್ದಾಣಕ್ಕೆ ಹೊಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ರಾತ್ರಿ ಪಾಳಿಯವರು ಹಿಂಡಿನ ಸುತ್ತ ಕುದುರೆ ಮೇಲೆ ಸುತ್ತುತ್ತ ಮೆಲ್ಲಗೆ ಹಾಡುತ್ತಿದ್ದರು. ಮನುಷ್ಯರ ದನಿ ಕೇಳುತ್ತಿದ್ದರೆ ದನ ಬೆದರುವುದಿಲ್ಲ. ಬೆದರಿ ಓಟ ಕಿತ್ತರೆ ಇಡೀ ಹಿಂಡು ಹೋಯಿತು. ಜಾನ್ ಲೊಮ್ಯಾಕ್ಸ್ 1910ರಲ್ಲೇ ಕೌಬಾಯ್ ಹಾಡುಗಳನ್ನು ಸಂಗ್ರಹಿಸಿ ಪುಸ್ತಕ ತಂದಿದ್ದರು. ಸಿನಿಮಾದ ಹಾಡುಗಳು ಅಂಥವಲ್ಲ, ಹೊಸದಾಗಿ ಬರೆದವು. ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಬಾಬ್ ನೋಲನ್ ಹಾಡುಗಳು. ಅವನು ಕೆನಡಾದಲ್ಲಿ ಹುಟ್ಟಿದವನು. ಲೆನರ್ಡ್ ಸ್ಲೈ, ಟಿಮ್ ಸ್ಪೆನ್ಸರ್ ಜೊತೆ ಸೇರಿ 'ಸನ್ಸ್ ಆಫ್ ದಿ ಪಯೋನಿಯರ್ಸ್' ಅನ್ನುವ ತಂಡ ಕಟ್ಟಿದ. ಅವರ 'ಕೂಲ್ ವಾಟರ್' ಕೇಳಿ. ಬಾಯಾರಿದವನೊಬ್ಬ ತನ್ನ ಪ್ರಾಣಿಯ ಜೊತೆ ಮರಳುಗಾಡು ದಾಟುತ್ತಿದ್ದಾನೆ. ಒಬ್ಬರು ಸಾಲು ಹೇಳಿದರೆ ಇನ್ನೊಬ್ಬರು ಹಿಂದಿನಿಂದ ನೀರು, ನೀರು ಅಂತ ಮಾರುದನಿ ಕೊಡುತ್ತಾರೆ. ಮೂರು ಗಂಡು ದನಿಗಳು ಅಷ್ಟು ಹತ್ತಿರ ಹತ್ತಿರ ಹೆಣೆದುಕೊಂಡು ಹೋಗುವುದನ್ನು ಹೆಡ್‌ಫೋನ್‌ನಲ್ಲಿ ಕೇಳಿದರೆ ಮೈ ಜುಮ್ ಅನ್ನುತ್ತದೆ.

ಆ ಲೆನರ್ಡ್ ಸ್ಲೈಯೇ ಮುಂದೆ ರಾಯ್ ರೋಜರ್ಸ್. 1938ರಲ್ಲಿ ಆಟ್ರಿ ರಿಪಬ್ಲಿಕ್ ಜೊತೆ ಜಗಳ ಮಾಡಿಕೊಂಡು ಹೊರಗೆ ನಿಂತ. ದುಡ್ಡಿನ ಜಗಳವೂ ಹೌದು. ಆಟ್ರಿ ಸಿನಿಮಾ ಬೇಕೆಂದರೆ ಕಂಪನಿಯ ಉಳಿದ ಸಿನಿಮಾಗಳನ್ನೂ ತೆಗೆದುಕೊಳ್ಳಲೇಬೇಕು ಅಂತ ಸಣ್ಣ ಊರಿನ ಟಾಕೀಸಿನವರನ್ನು ಕಂಪನಿ ಕಟ್ಟಿಹಾಕುತ್ತಿದ್ದುದಕ್ಕೆ ಅವನ ವಿರೋಧವೂ ಇತ್ತು. ಆ ಜಾಗಕ್ಕೆ ರೋಜರ್ಸ್ ಬಂದ. ಅವನ ಟ್ರಿಗರ್ ಅನ್ನುವ ಹೊಂಬಣ್ಣದ ಕುದುರೆ ಅದೇ ವರ್ಷದ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್'ನಲ್ಲಿ ನಟಿ ಒಲಿವಿಯಾ ಡಿ ಹ್ಯಾವಿಲಂಡ್ ಏರಿದ ಕುದುರೆಯೇ. ಆಟ್ರಿ ಮೇಷ್ಟ್ರ ಥರ, ರೋಜರ್ಸ್ ಪಕ್ಕದ ಮನೆ ಹುಡುಗನ ಥರ. ಕಣ್ಣು ಸಣ್ಣ ಮಾಡಿ ನಗುತ್ತಾನೆ. ಯೋಡೆಲ್ (ದನಿಯನ್ನು ಸರಕ್ಕನೆ ಮೇಲೆ ಕೆಳಗೆ ಹಾರಿಸುವ ಹಾಡಿಕೆ) ಹಾಕಿದರಂತೂ ದನಿ ಎಲ್ಲೂ ಒಡೆಯದೆ ಮೇಲಕ್ಕೆ ಜಿಗಿಯುತ್ತದೆ.

ನೀವು ಒಂದೇ ಒಂದು ಆಟ್ರಿ ಸಿನಿಮಾ ನೋಡುವುದಾದರೆ 'ದಿ ಓಲ್ಡ್ ಬಾರ್ನ್ ಡಾನ್ಸ್' ನೋಡಿ. ಇದೂ 1938ರದ್ದೇ. ಆಟ್ರಿ ಕುದುರೆ ಮಾರುವವನು. ಊರಿಗೆ ಟ್ರ್ಯಾಕ್ಟರ್ ಬಂದು ಕುದುರೆ ಕೇಳುವವರಿಲ್ಲ. ಅವನು ರೇಡಿಯೋದಲ್ಲಿ ಹಾಡಲು ಒಪ್ಪುತ್ತಾನೆ. ಆ ಕಾರ್ಯಕ್ರಮದ ಹಿಂದೆ ಇರುವುದು ಸಾಲಕ್ಕೆ ಟ್ರ್ಯಾಕ್ಟರ್ ಕೊಟ್ಟು ರೈತರನ್ನು ಮುಳುಗಿಸುವ ಕಂಪನಿ. ಅವನ ದನಿ ನಂಬಿ ರೈತರು ಸಾಲಕ್ಕೆ ಬೀಳುತ್ತಾರೆ. ಜನ ಅವನಿಗೆ ತಿರುಗಿ ಬೀಳುತ್ತಾರೆ. ಒಂದು ಗಂಟೆಯ ಮಕ್ಕಳ ಸಿನಿಮಾ ಅಂತ ಕರೆಸಿಕೊಂಡಿದ್ದು ಇಷ್ಟು ದೊಡ್ಡ ವಿಷಯ ಎತ್ತಿಕೊಳ್ಳುತ್ತದೆ. ಒಳ್ಳೆಯ ದನಿಯನ್ನೂ ಬಾಡಿಗೆಗೆ ಪಡೆದು ಮೋಸಕ್ಕೆ ಬಳಸಬಹುದು ಅಂತ ರೇಡಿಯೋ ಇನ್ನೂ ಹೊಸದಾಗಿದ್ದಾಗಲೇ ಅವರಿಗೆ ಗೊತ್ತಿತ್ತು. ಅದರ ಹಿಂದಿನ ವರ್ಷದ 'ಪಬ್ಲಿಕ್ ಕೌಬಾಯ್ ನಂ. 1'ನಲ್ಲಿ ದನಗಳ್ಳರ ಹತ್ತಿರ ವಿಮಾನ, ರೇಡಿಯೋ, ಫ್ರಿಜ್ ಇರುವ ಲಾರಿ ಇವೆ. ಹಿಡಿಯಲು ಹೋಗುವವರ ಹತ್ತಿರ ಇರುವುದು ಕುದುರೆ. ಇಂಥ ಕಡೆ ಕಾಲ ಬೆರೆತುಹೋಗಿದೆ ಅಂತ ದೂರುವುದರಲ್ಲಿ ಅರ್ಥವಿಲ್ಲ. ಆಗಿನ ಅಮೆರಿಕದ ಹಳ್ಳಿಯಲ್ಲಿ ಕುದುರೆಯೂ ಇತ್ತು, ಲಾರಿಯೂ ಇತ್ತು.

ಎಲ್ಲವನ್ನೂ ಒಪ್ಪಿಕೊಂಡು ನೋಡಲು ಆಗುವುದಿಲ್ಲ. ಮೂಲನಿವಾಸಿ ಅಮೆರಿಕನ್ನರನ್ನು, ಮೆಕ್ಸಿಕೋದವರನ್ನು ತೋರಿಸುವ ರೀತಿ ಕೆಲವು ಕಡೆ ಹಿಂಸೆ ಅನ್ನಿಸುತ್ತದೆ. ಕರಿಯರು ಇದ್ದರೆ ಅಡುಗೆಯವನೋ ಆಳೋ, ಅಷ್ಟೇ. ಆದ್ದರಿಂದಲೇ ಹರ್ಬ್ ಜೆಫ್ರೀಸ್ ಹೆಸರು ಹೇಳಬೇಕು. 1937ರ 'ಹಾರ್ಲೆಮ್ ಆನ್ ದಿ ಪ್ರೇರಿ'ಯಲ್ಲಿ ಅವನು ಹಾಡುವ ಕರಿಯ ಕೌಬಾಯ್ ಆಗಿ ಬಂದ. ಆಗ ಎಷ್ಟೋ ಊರುಗಳಲ್ಲಿ ಕರಿಯರಿಗೆ ಬೇರೆ ಟಾಕೀಸು. ಅಲ್ಲಿಯ ಮಕ್ಕಳಿಗೂ ತಮ್ಮದೇ ಮುಖದ ಹೀರೋ ಸಿಕ್ಕ. ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಹತ್ತಿರ ಕರಿಯರೇ ನಡೆಸುತ್ತಿದ್ದ ಮರ್ರೀ ರಾಂಚ್‌ನಲ್ಲಿ ಈ ಸಿನಿಮಾಗಳನ್ನು ತೆಗೆದರು. ಬಜೆಟ್ ಆಟ್ರಿಯದಕ್ಕಿಂತಲೂ ಕಮ್ಮಿ. 1939ರ 'ದಿ ಬ್ರಾಂಜ್ ಬಕರೂ'ನಲ್ಲಿ ಸಂಭಾಷಣೆ ಅಲ್ಲಲ್ಲಿ ಎಡವುತ್ತದೆ. ಜೆಫ್ರೀಸ್ ಬಾಯಿ ತೆಗೆದರೆ ಅದೆಲ್ಲ ಮರೆತುಹೋಗುತ್ತದೆ. ರೇಷ್ಮೆಯಂಥ ಬ್ಯಾರಿಟೋನ್, ಅಂದರೆ ತುಸು ತಗ್ಗಿನ ಗಂಡು ದನಿ ಅದು. ಮುಂದೆ ಡ್ಯೂಕ್ ಎಲಿಂಗ್ಟನ್‌ನ ಜಾಝ್ ತಂಡದಲ್ಲಿ ಹಾಡಿದ ದನಿ.

ಆಟ್ರಿ 1942ರಲ್ಲಿ ಸೇನೆ ಸೇರಿದ. ರೇಡಿಯೋ ಕಾರ್ಯಕ್ರಮದಲ್ಲೇ ಪ್ರಮಾಣವಚನ ತೆಗೆದುಕೊಂಡ. ಸಾಮಾನು ಸಾಗಿಸುವ ವಿಮಾನ ಹಾರಿಸುತ್ತ ಹಿಮಾಲಯ ದಾಟಿ ಚೀನಾ ಕಡೆ ಹೋಗಿಬಂದ. ಅವನು ವಾಪಸ್ ಬರುವಷ್ಟರಲ್ಲಿ ರೋಜರ್ಸ್ ನಂಬರ್ ಒನ್ ಆಗಿದ್ದ. ಆಮೇಲೆ ಆಟ್ರಿ ಕೌಬಾಯ್ ಹೇಗಿರಬೇಕು ಅಂತ ಮಕ್ಕಳಿಗೆ ಹತ್ತು ನಿಯಮ ಕೊಟ್ಟ. ಮೊದಲು ಗುಂಡು ಹಾರಿಸಬಾರದು. ತನಗಿಂತ ಚಿಕ್ಕವನಿಗೆ ಹೊಡೆಯಬಾರದು. ಮಕ್ಕಳು, ಮುದುಕರು, ಪ್ರಾಣಿಗಳ ಜೊತೆ ಮೆದುವಾಗಿರಬೇಕು. ಜನಾಂಗ, ಧರ್ಮದ ಹೆಸರಲ್ಲಿ ದ್ವೇಷದ ಮಾತು ಆಡಬಾರದು. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಸಿನಿಮಾದಲ್ಲಿ ಆ ಮನುಷ್ಯ ಹಾಗೇ ಇರುತ್ತಾನೆ. ಹೊಡೆದಾಟ ಮುಗಿದ ಮೇಲೆ ಬಿದ್ದವನ ಟೋಪಿ ಎತ್ತಿ ಕೊಡುವಂಥವನು.

1954ರಲ್ಲಿ ರೆಕ್ಸ್ ಅಲೆನ್ ಮಾಡಿದ 'ಫ್ಯಾಂಟಮ್ ಸ್ಟಾಲಿಯನ್' ಹೊತ್ತಿಗೆ ಹಾಡುವ ಕೌಬಾಯ್ ಸರಣಿಗಳು ನಿಂತವು. ಮನೆಮನೆಗೆ ಟೀವಿ ಬಂದಿತ್ತು. ಆಟ್ರಿ, ರೋಜರ್ಸ್ ಇಬ್ಬರೂ ಅಲ್ಲಿಗೇ ಹೋದರು. ಹಳೆಯ ಸಿನಿಮಾಗಳೂ ಟೀವಿಗೆ ಹೋದವು, ಜಾಹೀರಾತು ಸೇರಿಸಿ ಒಂದು ಗಂಟೆಗೆ ಹೊಂದಬೇಕೆಂದು ಸುಮಾರು 53 ನಿಮಿಷಕ್ಕೆ ಕತ್ತರಿಸಿಕೊಂಡು. ಕಥೆ ಕತ್ತರಿಸಿದರೆ ಅರ್ಥ ಆಗಲ್ಲ, ಅದಕ್ಕೆ ಹಾಡುಗಳಿಗೇ ಕತ್ತರಿ ಬೀಳುತ್ತಿತ್ತು. ಈಗ ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುವುದರಲ್ಲಿ ಎಷ್ಟೋ ಪ್ರತಿಗಳು ಆ ಟೀವಿ ಪ್ರತಿಗಳೇ, ಅದರಲ್ಲೂ ರೋಜರ್ಸ್‌ನವು. ಆಟ್ರಿಯ ಸಿನಿಮಾಗಳನ್ನು ಅವನ ಕಂಪನಿಯೇ ಪೂರ್ತಿ ಉದ್ದಕ್ಕೆ ಸರಿಪಡಿಸಿ ಹೊರತಂದಿದೆ, ಅವು ಸಿಕ್ಕರೆ ಬಿಡಬೇಡಿ. ನೋಡಲು ಶುರುಮಾಡುವ ಮುಂಚೆ ಎಷ್ಟು ನಿಮಿಷ ಇದೆ ಅಂತ ಒಮ್ಮೆ ನೋಡಿಕೊಳ್ಳಿ. 53 ಅಂತ ಇದ್ದರೆ ಬೇರೆ ಪ್ರತಿ ಹುಡುಕಿ. ಸಿಗದಿದ್ದರೆ ಅದನ್ನೇ ನೋಡಿ, ಆದರೆ ಹಾಡು ಕಮ್ಮಿ ಆಯಿತು ಅಂತ ಆಟ್ರಿಯನ್ನು ಬೈಯಬೇಡಿ.